ಅಣ್ಣ ಸುಡು ಅಂದ, ತಮ್ಮ ಮಾರಿದ: ಹೂಡಿನಿಯ ಸಾಮಾನು ಉಳಿದ ಕತೆ

ನೀವು ಕೇಳಿರುವುದು ಎರಡು ಸಂಗತಿ. ತನ್ನ ಜಾದೂ ಸಾಮಾನನ್ನೆಲ್ಲ ಸುಟ್ಟುಹಾಕಬೇಕು ಎಂದು ಕಟ್ಟು, ಬೀಗ ಬಿಡಿಸಿಕೊಳ್ಳುವ ಆಟಕ್ಕೆ ಹೆಸರಾದ ಅಮೆರಿಕದ ಜಾದೂಗಾರ ಹ್ಯಾರಿ ಹೂಡಿನಿ ಉಯಿಲು ಬರೆದಿಟ್ಟದ್ದು ನಿಜವಾದರೆ, ಅವನ ಹೆಸರಾಂತ ನೀರಿನ ಪೆಟ್ಟಿಗೆ 2004ರಲ್ಲಿ ಹರಾಜಿಗೆ ಬಂದದ್ದು ಹೇಗೆ? ಮತ್ತೆ, ಈ ಹಾರ್ಡೀನ್ ಎಂಬ ಜಾದೂಗಾರ ಯಾರು, ಹೂಡಿನಿಯನ್ನು ನಕಲು ಮಾಡಿ ಹೊಟ್ಟೆ ಹೊರೆದವನೇ?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಕಲು ಮಾಡಿದ್ದು ಹೌದು. ಆದರೆ ನಕಲು ಮಾಡು ಬಾ ಎಂದು ಕರೆಸಿಕೊಂಡವನೇ ಹೂಡಿನಿ. ಹಾರ್ಡೀನ್ ಅವನ ಒಡಹುಟ್ಟಿದ ತಮ್ಮ.

ನಾನು ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವದ ವೇದಿಕೆಗಳಲ್ಲಿ ಜಾದೂ ಮಾಡುವವನು. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಈ ಕಸುಬಿಗೆ ಬಿದ್ದವರೆಲ್ಲ ಒಂದಲ್ಲ ಒಂದು ದಿನ ಹೂಡಿನಿಯ ಹುಚ್ಚು ಹಿಡಿಸಿಕೊಳ್ಳುತ್ತಾರೆ. ನನಗೆ ಮಾತ್ರ ಅಣ್ಣನಿಗಿಂತ ತಮ್ಮನ ಕತೆಯೇ ಹೆಚ್ಚು ಹಿಡಿಸಿತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಇಬ್ಬರೂ ಹುಟ್ಟಿದ್ದು ಹಂಗೇರಿಯ ಬುಡಾಪೆಸ್ಟಿನಲ್ಲಿ. ಅಣ್ಣ ಎರಿಕ್ ವೈಸ್ 1874ರಲ್ಲಿ, ತಮ್ಮ ಡೆಜೋ ವೈಸ್ 1876ರಲ್ಲಿ. ಅಪ್ಪ ಯಹೂದಿ ಧರ್ಮಗುರು. ಸಂಸಾರ ಅಮೆರಿಕಕ್ಕೆ ಬಂದು ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್ ಎಂಬ ಸಣ್ಣ ಊರಲ್ಲಿ ನೆಲೆಸಿತು. ದೊಡ್ಡವನಾದ ಮೇಲೆ ಹೂಡಿನಿ ತಾನು ಹುಟ್ಟಿದ್ದೇ ಆಪಲ್‌ಟನ್‌ನಲ್ಲಿ ಎಂದು ಹೇಳಿಕೊಂಡು ತಿರುಗಿದ. ಹುಟ್ಟೂರನ್ನೇ ಮಾಯ ಮಾಡಿದ ಆಸಾಮಿ. ಡೆಜೋ ಎನ್ನುವುದು ಮನೆಯವರ ಬಾಯಲ್ಲಿ ‘ಡ್ಯಾಶ್’ ಆಯಿತು. ಫ್ರಾನ್ಸಿನ ಹಳೆಯ ಜಾದೂಗಾರ ರಾಬರ್ಟ್ ಹೂಡಿನ್‌ನ ಹೆಸರಿನ ಬಾಲಕ್ಕೆ ಒಂದು ‘ಇ’ ಸೇರಿಸಿ ಎರಿಕ್ ‘ಹೂಡಿನಿ’ ಆದ. ಮುಂದೆ 1908ರಲ್ಲಿ ಅದೇ ರಾಬರ್ಟ್ ಹೂಡಿನ್ ಕಳ್ಳ, ಬೇರೆಯವರ ಆಟ ಕದ್ದವನು ಎಂದು ಒಂದಿಡೀ ಪುಸ್ತಕ ಬರೆದು ಜರೆದ. ಗುರುವಿಗೇ ತಿರುಮಂತ್ರ.

ಶುರುವಿನಲ್ಲಿ ಅಣ್ಣತಮ್ಮಂದಿರು ‘ಬ್ರದರ್ಸ್ ಹೂಡಿನಿ’ ಎಂಬ ಹೆಸರಿನಲ್ಲಿ ಜೋಡಿ ಆಟ ಆಡುತ್ತಿದ್ದರು. ಮುಖ್ಯ ಆಟ ಪೆಟ್ಟಿಗೆಯದು. ಒಬ್ಬನ ಕೈ ಕಟ್ಟಿ, ಚೀಲದೊಳಗೆ ಹಾಕಿ, ಚೀಲದ ಬಾಯಿ ಬಿಗಿದು, ಟ್ರಂಕಿನೊಳಗಿಟ್ಟು ಬೀಗ ಜಡಿದು, ಮೇಲೆ ಹಗ್ಗ ಸುತ್ತುತ್ತಾರೆ. ಇನ್ನೊಬ್ಬ ಪರದೆ ಎಳೆದು ಮೂರು ಸಲ ಚಪ್ಪಾಳೆ ತಟ್ಟುತ್ತಾನೆ. ಮೂರನೆಯ ಚಪ್ಪಾಳೆಗೆ ಪರದೆ ಸರಿದರೆ, ತಟ್ಟುತ್ತಿರುವವನು ಒಳಗಿದ್ದವನು! ಹೊರಗಿದ್ದವನು ಚೀಲದಲ್ಲಿ! ನಾನೂ ಬಾಮೈದನನ್ನು ಜೊತೆಗಿಟ್ಟುಕೊಂಡು ಇದನ್ನು ಮಾಡುತ್ತೇನೆ. ಒಳಗೆ ಕಗ್ಗತ್ತಲು, ಬೆವರು, ಮುಖಕ್ಕೆ ಒರಗುವ ಗೋಣಿಯ ನಾರು. ಹೊರಗೆ ಹಗ್ಗ ಬಿಗಿಯುತ್ತಿರುವ ಪ್ರೇಕ್ಷಕ ಮಹಾಶಯ ಪೊಲೀಸ್ ಆಗಿದ್ದರಂತೂ ಮುಗಿದೇ ಹೋಯಿತು, ಗಂಟಿನ ಮೇಲೆ ಗಂಟು. ಗುಟ್ಟು ಹೇಳುವುದಿಲ್ಲ. ಆದರೆ ಈ ಆಟದ ಜೀವ ಇರುವುದು ಗುಟ್ಟಿನಲ್ಲಲ್ಲ, ವೇಗದಲ್ಲಿ. ದೊಡ್ಡ ಮೈಯವನಿಗೆ ಇದು ಕಷ್ಟ. ಡ್ಯಾಶ್ ಅಣ್ಣನಿಗಿಂತ ಎತ್ತರ, ದಪ್ಪ. 1894ರಲ್ಲಿ ಹೂಡಿನಿ ಬೆಸ್‌ಳನ್ನು ಮದುವೆಯಾದ. ಆಕೆ ಪುಟ್ಟ ಮೈಕಟ್ಟಿನವಳು, ಚುರುಕು. ಪೆಟ್ಟಿಗೆಯೊಳಗಿನ ಜಾಗ ಹೆಂಡತಿಗೆ ಹೋಯಿತು, ತಮ್ಮ ಬದಿಗೆ ಸರಿದ.

ಮುಂದಿನದೇ ನನಗೆ ಇಷ್ಟವಾದ ಭಾಗ. 1900ರಲ್ಲಿ ಹೂಡಿನಿ ಇಂಗ್ಲೆಂಡಿಗೆ ಹೋದ. ಲಂಡನ್ನಿನ ಅಲ್‌ಹಂಬ್ರಾ ಥಿಯೇಟರಿನಲ್ಲಿ ಕೈಕೋಳ ಬಿಚ್ಚುವ ಆಟ ಗೆದ್ದಿತು. ಗೆದ್ದ ಕೂಡಲೇ ಊರೂರಲ್ಲಿ ನಕಲಿ ಕೈಕೋಳ ರಾಜರು ಹುಟ್ಟಿಕೊಂಡರು. ಒಂದು ಥಿಯೇಟರ್ ಹೂಡಿನಿಯನ್ನು ಕರೆಸಿದರೆ ಎದುರಿನ ಥಿಯೇಟರಿಗೆ ಅವನಂಥವನೇ ಇನ್ನೊಬ್ಬ ಬೇಕು. ಹೂಡಿನಿ ಲೆಕ್ಕ ಹಾಕಿದ: ಹೇಗೂ ಎದುರಾಳಿ ಇರುತ್ತಾನೆ, ಆ ಎದುರಾಳಿ ನಮ್ಮ ಮನೆಯವನೇ ಯಾಕಾಗಬಾರದು? ತಂತಿ ಕಳಿಸಿ ತಮ್ಮನನ್ನು ಕರೆಸಿಕೊಂಡ. ತನ್ನ ಹೆಸರಿನಂತೆಯೇ ಕೇಳಿಸುವ ‘ಹಾರ್ಡೀನ್’ ಎಂಬ ಹೆಸರು ಕೊಟ್ಟು ಎದುರು ಪಾಳಯದಲ್ಲಿ ನಿಲ್ಲಿಸಿದ. ಜನರ ಮುಂದೆ ಇಬ್ಬರಿಗೂ ಹಾವು ಮುಂಗುಸಿ. ಒಳಗೆ ಅಣ್ಣತಮ್ಮ. ಈ ಊರಿನ ದುಡ್ಡು ಆ ಥಿಯೇಟರಿಗೆ ಹೋದರೂ ಈ ಥಿಯೇಟರಿಗೆ ಹೋದರೂ ಒಂದೇ ಮನೆಗೆ.

ಹಾಗೆಂದು ಹಾರ್ಡೀನ್ ಬರೀ ನೆರಳಲ್ಲ. ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಕಟ್ಟಿಹಾಕಲು ತೊಡಿಸುತ್ತಿದ್ದ ಸ್ಟ್ರೈಟ್‌ಜಾಕೆಟ್ ಗೊತ್ತಲ್ಲ, ದಪ್ಪ ಕ್ಯಾನ್ವಾಸಿನ ಅಂಗಿ, ತೋಳುಗಳ ತುದಿ ಹೊಲಿದುಬಿಟ್ಟಿರುತ್ತದೆ, ಕೈ ಎದೆಯ ಮೇಲೆ ಅಡ್ಡ ತಂದು ಬೆನ್ನ ಹಿಂದೆ ಬಕಲ್ ಹಾಕುತ್ತಾರೆ. ಅದರಿಂದ ಬಿಡಿಸಿಕೊಳ್ಳುವ ಆಟವನ್ನು ಮೊದಲು ಪರದೆಯ ಹಿಂದೆ ಮಾಡುತ್ತಿದ್ದರು. ಒಳಗೆ ಯಾರೋ ಬಿಚ್ಚಿಕೊಟ್ಟರು ಬಿಡು ಎಂದು ಜನ ಗೊಣಗುತ್ತಿದ್ದರು. ಪರದೆಯೇ ಬೇಡ, ಎಲ್ಲರ ಕಣ್ಣೆದುರು ಒದ್ದಾಡಿ ಬಿಚ್ಚೋಣ ಎಂದು ಹೊಳೆದದ್ದು ಹಾರ್ಡೀನ್‌ಗೆ. ಜನ ಹುಚ್ಚೆದ್ದರು. ನೋಡಬೇಕಾದ್ದು ಬಿಡುಗಡೆಯಲ್ಲ, ಒದ್ದಾಟ ಎಂದು ಅಣ್ಣನಿಗೂ ಆಗ ಗೊತ್ತಾಯಿತು. ಮುಂದೆ ಹೂಡಿನಿ ಇದೇ ಅಂಗಿ ತೊಟ್ಟು ಎತ್ತರದ ಕಟ್ಟಡಗಳಿಂದ ತಲೆಕೆಳಗಾಗಿ ನೇತಾಡಿ, ಕೆಳಗೆ ಸಾವಿರಾರು ಜನ ಕತ್ತೆತ್ತಿ ನಿಲ್ಲುವಂತೆ ಮಾಡಿದ್ದು ಈ ಹೊಳಹಿನ ಮೇಲೆಯೇ.

ಇದರ ವಿಧಾನ ಹೇಳಬಹುದು, ಯಾಕೆಂದರೆ 1910ರಲ್ಲಿ ಹೂಡಿನಿ ತಾನೇ ಅಚ್ಚು ಹಾಕಿಸಿದ್ದ. ಬಕಲ್ ಹಾಕುವಾಗಲೇ ಎದೆ ಉಬ್ಬಿಸಿ, ಬಲವಾದ ಕೈಯನ್ನು ಮೇಲಿಟ್ಟುಕೊಂಡು ಒಂದಿಷ್ಟು ಸಡಿಲ ಕದ್ದಿಟ್ಟುಕೊಳ್ಳಬೇಕು. ಆಮೇಲೆ ಆ ಸಡಿಲವನ್ನೆಲ್ಲ ಒಂದು ಮೊಣಕೈಗೆ ತಂದು, ಅದನ್ನು ತಲೆಯ ಮೇಲಿಂದ ದಾಟಿಸಬೇಕು. ಕೈ ಮುಂದೆ ಬಂತು ಅಂದರೆ ತೋಳಿನ ಬಕಲ್ ಹಲ್ಲಿನಿಂದ, ಬೆನ್ನಿನ ಬಕಲ್ ಕ್ಯಾನ್ವಾಸಿನ ಒಳಗಿಂದಲೇ ಬೆರಳು ಒತ್ತಿ ಬಿಚ್ಚಬೇಕು. ಓದಲು ಸಲೀಸು. ಭುಜದ ಕೀಲು ಒಪ್ಪುವುದಿಲ್ಲ, ಅಷ್ಟೇ.

ಇನ್ನು ನೀವು ಕೇಳಿದ ಪೆಟ್ಟಿಗೆ. 1908ರಲ್ಲಿ ಹೂಡಿನಿ ಸೇಂಟ್ ಲೂಯಿಸ್‌ನಲ್ಲಿ ಹಾಲಿನ ಕ್ಯಾನಿನ ಆಟ ತಂದ: ನೀರು ತುಂಬಿದ ದೊಡ್ಡ ಹಾಲಿನ ಕ್ಯಾನಿನೊಳಗೆ ಕೂತು, ಮುಚ್ಚಳಕ್ಕೆ ಬೀಗ ಹಾಕಿಸಿಕೊಂಡು, ಜನರಿಗೂ ನನ್ನ ಜೊತೆ ಉಸಿರು ಬಿಗಿಹಿಡಿಯಿರಿ ಎನ್ನುತ್ತಿದ್ದ. ಅರ್ಧ ನಿಮಿಷಕ್ಕೆ ಸಭೆಯೆಲ್ಲ ಏದುಸಿರು, ಅವನಿನ್ನೂ ಒಳಗೆ. ಇದನ್ನೂ ನಕಲಿಗಳು ಹೊತ್ತೊಯ್ದಾಗ ಮಾಡಿಸಿದ್ದು ನೀರಿನ ಪೆಟ್ಟಿಗೆ, ‘ಚೈನೀಸ್ ವಾಟರ್ ಟಾರ್ಚರ್ ಸೆಲ್’. ಮಹಾಗನಿ ಮರ, ಲೋಹದ ಚೌಕಟ್ಟು, ಮುಂದೆ ಗಾಜು. ಕಾಲುಗಳನ್ನು ಮರದ ಹಲಗೆಯ ತೂತುಗಳಲ್ಲಿ ಬಿಗಿದು, ತಲೆಕೆಳಗಾಗಿ ನೀರಿಗಿಳಿಸಿ ಮೇಲೆ ಬೀಗ. ಯಾರೂ ಕದಿಯಬಾರದೆಂದು 1911ರಲ್ಲಿ ಸೌತಾಂಪ್ಟನ್‌ನಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕನ ಮುಂದೆ ಅದನ್ನು ನಾಟಕವೆಂದು ಆಡಿ, ನಾಟಕದ ಹಕ್ಕುಸ್ವಾಮ್ಯ ಪಡೆದ. ಜಾದೂಗೆ ಕಾಪಿರೈಟ್ ಸಿಗದು, ನಾಟಕಕ್ಕೆ ಸಿಗುತ್ತದೆ! ಬಹಿರಂಗ ಪ್ರದರ್ಶನ 1912ರಲ್ಲಿ, ಬರ್ಲಿನ್ನಿನ ಸರ್ಕಸ್ ಬುಶ್‌ನಲ್ಲಿ. ಅವನು ಮುಳುಗಿ ಸತ್ತದ್ದು ಇದರಲ್ಲೇ ಎಂದು ಸಿನಿಮಾ ನೋಡಿದವರು ನಂಬಿದ್ದಾರೆ. ಅಲ್ಲ. 1926ರ ಅಕ್ಟೋಬರಿನಲ್ಲಿ ಆಲ್ಬನಿಯಲ್ಲಿ ಈ ಆಟಕ್ಕೆ ಮೇಲೆತ್ತುವಾಗ ಪಾದದ ಗಂಟು ಮುರಿಯಿತು. ಆ ಕಾಲಿನಲ್ಲೇ ಮಾಂಟ್ರಿಯಲ್‌ಗೆ ಹೋಗಿ ಸೋಫಾದ ಮೇಲೆ ಒರಗಿದ್ದಾಗ ಒಬ್ಬ ವಿದ್ಯಾರ್ಥಿ ಹೊಟ್ಟೆಗೆ ಗುದ್ದಿದ. ಅಪೆಂಡಿಕ್ಸ್ ಒಡೆದು ನಂಜಾಗಿ, ಅಕ್ಟೋಬರ್ 31ರಂದು ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಗುದ್ದೇ ಕಾರಣವೋ, ಮೊದಲೇ ಅಪೆಂಡಿಕ್ಸ್ ಕೆಟ್ಟಿತ್ತೋ ಎಂಬ ವಾದ ಇಂದಿಗೂ ಇದೆ. ಕೊನೆಗಾಲದಲ್ಲಿ ಹಾಸಿಗೆಯ ಪಕ್ಕದಲ್ಲಿದ್ದವರಲ್ಲಿ ಡ್ಯಾಶ್ ಒಬ್ಬ.

ಉಯಿಲಿನಲ್ಲಿ ಹೀಗಿತ್ತು: ಜಾದೂ ಮತ್ತು ಪ್ರೇತವಿದ್ಯೆಯ ಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ. ರಂಗದ ಸಾಮಾನು ತಮ್ಮ ಹಾರ್ಡೀನ್‌ಗೆ. ಅವನ ಕಾಲಾನಂತರ ಅದನ್ನು ಸುಟ್ಟು ನಾಶ ಮಾಡಬೇಕು.

ಇದರಿಂದ ಹಾರ್ಡೀನ್‌ನ ಬದುಕು ತಿರುಗಾಮುರುಗಾ ಆಯಿತು. ಇಪ್ಪತ್ತೈದು ವರ್ಷ ಎದುರಾಳಿಯ ವೇಷ ಹಾಕಿದವನು ಈಗ ಉತ್ತರಾಧಿಕಾರಿಯ ವೇಷ ಹಾಕಬೇಕು. ಅಣ್ಣನ ಸಾಮಾನು ಹೊತ್ತು ಊರೂರು ತಿರುಗಿದ, ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯ ಒಂದು ಹಾಸ್ಯ ಪ್ರದರ್ಶನದಲ್ಲೂ ಕಾಣಿಸಿಕೊಂಡ. ಹಾಡು, ಹಾಸ್ಯ, ಜಾದೂ ಎಲ್ಲ ಬೆರೆತ ಆಟ ನಡೆಸುತ್ತಿದ್ದ ವಾಡೆವಿಲ್ ಥಿಯೇಟರುಗಳನ್ನು ಸಿನಿಮಾ ನುಂಗುತ್ತಿದ್ದ ಕಾಲ ಅದು. 1940ರ ದಶಕದಲ್ಲಿ ಆ ಸಂಗ್ರಹದ ದೊಡ್ಡ ಪಾಲನ್ನು, ನೀರಿನ ಪೆಟ್ಟಿಗೆಯೂ ಸೇರಿ, ಸಿಡ್ನಿ ರಾಡ್ನರ್ ಎಂಬ ಯುವಕನಿಗೆ ಮಾರಿದ. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನವನು, ಮನೆತನದ್ದು ಜಮಖಾನೆ ವ್ಯಾಪಾರ, ತಲೆಯಲ್ಲಿ ಹೂಡಿನಿ ಹುಚ್ಚು. 1945ರ ಜೂನ್‌ನಲ್ಲಿ ಹಾರ್ಡೀನ್ ಸತ್ತಾಗ, ಉಯಿಲಿನ ಪ್ರಕಾರ ಸುಡಲು ಹೊರಟರೂ ಅಸಲಿ ಸಾಮಾನಿನ ಬಹುಪಾಲು ಬೇರೆಯವರ ಮನೆ ಸೇರಿತ್ತು.

ಇದನ್ನು ದ್ರೋಹ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೂಡಿನಿ ತಾನೇ ಎಂಥವನು ನೋಡಿ: ಸತ್ತ ಜಾದೂಗಾರರ ಪತ್ರ, ಪೋಸ್ಟರ್, ಪುಸ್ತಕ ಎಲ್ಲಿದ್ದರೂ ಬೆನ್ನಟ್ಟಿ ಕೊಳ್ಳುತ್ತಿದ್ದ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬೋಸ್ಕೋ ಎಂಬ ಮರೆತುಹೋದ ಜಾದೂಗಾರನ ಗೋರಿಯನ್ನು ಹುಡುಕಿ ಜೋಪಾನ ಮಾಡಿಸಿದ. ಬೇರೆಯವರದ್ದು ಒಂದು ಚೀಟಿಯೂ ಹಾಳಾಗಬಾರದು, ತನ್ನದು ಮಾತ್ರ ಬೂದಿಯಾಗಬೇಕು! ಗುಟ್ಟು ತಮ್ಮನ ಅನ್ನ, ಅವನು ಇರುವಷ್ಟು ದಿನ ಕಾಪಾಡಿದರೆ ಸಾಕು ಎಂಬುದು ಹೂಡಿನಿಯ ಲೆಕ್ಕವಿದ್ದಿರಬೇಕು. ಆ ಲೆಕ್ಕ ತಮ್ಮನ ಜೊತೆಗೇ ಮುಗಿಯಿತು.

ರಾಡ್ನರ್ ಒಳ್ಳೊಳ್ಳೆಯ ವಸ್ತುಗಳನ್ನು ಕೆನಡಾದ ನಯಾಗರಾ ಫಾಲ್ಸ್‌ನ ಹೂಡಿನಿ ಮ್ಯೂಸಿಯಂಗೆ ಪ್ರದರ್ಶನಕ್ಕೆ ಕೊಟ್ಟ. 1995ರಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಐವತ್ತು ವರ್ಷ ತಡವಾಗಿ ಉಯಿಲು ಜಾರಿಯಾದಂತೆ! ನೀರಿನ ಪೆಟ್ಟಿಗೆಯ ಲೋಹದ ಚೌಕಟ್ಟು ಮಾತ್ರ ಉಳಿಯಿತು. ಜಾದೂ ಸಾಮಾನು ಕಟ್ಟುವುದರಲ್ಲಿ ಹೆಸರುವಾಸಿಯಾದ ಜಾನ್ ಗಾನ್ ಅದನ್ನು ಮತ್ತೆ ಕಟ್ಟಿದರು. ಸಂಗ್ರಹದ ಬಹುಪಾಲು ಆಪಲ್‌ಟನ್‌ನ ಮ್ಯೂಸಿಯಂನಲ್ಲಿತ್ತು. ರಾಡ್ನರ್ ಅದನ್ನು ವಾಪಸ್ ಪಡೆದು, 2004ರ ಅಕ್ಟೋಬರ್ 30ರಂದು ಲಾಸ್ ವೇಗಸ್‌ನಲ್ಲಿ ಹರಾಜಿಗಿಟ್ಟರು. ನೀರಿನ ಪೆಟ್ಟಿಗೆ 3 ಲಕ್ಷ ಡಾಲರಿಗೆ ಅಮೆರಿಕದ ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ ಪಾಲಾಯಿತು. ಅದೇ ವರ್ಷ ಆಪಲ್‌ಟನ್ ಮ್ಯೂಸಿಯಂ ಟ್ರಂಕಿನ ಆಟದ ಗುಟ್ಟನ್ನು ಪ್ರದರ್ಶನದಲ್ಲಿ ಬಿಚ್ಚಿಟ್ಟಿತು. ಕಾಪರ್‌ಫೀಲ್ಡ್ ಸೇರಿ ಜಾದೂಗಾರರೆಲ್ಲ ಕೆಂಡಾಮಂಡಲ. ನಾನು ಇಂದಿಗೂ ಆ ಟ್ರಂಕಿನೊಳಗೆ ಇಳಿಯುತ್ತೇನೆ, ಇಂದಿಗೂ ಜನ ಬಾಯಿ ಬಿಡುತ್ತಾರೆ, ಹಾಗಾಗಿ ಲೋಕವೇನೂ ಮುಳುಗಿಲ್ಲ.

ವಸ್ತುವಿನ ಕತೆ ಇಷ್ಟು. ಆದರೆ ವಸ್ತು ಸಿಕ್ಕವನೇ ವಾರಸುದಾರ ಎನ್ನಲಾಗದು. 1926ರಲ್ಲಿ, ರಹಮಾನ್ ಬೇ ಎಂಬ ಫಕೀರ ತನಗೆ ಅತೀಂದ್ರಿಯ ಶಕ್ತಿಯಿದೆ ಎಂದು ಮುಚ್ಚಿದ ಪೆಟ್ಟಿಗೆಯಲ್ಲಿ ನೀರಿನೊಳಗೆ ಇದ್ದು ತೋರಿಸಿದಾಗ, ಹೂಡಿನಿ ಅಂಥದೇ ಪೆಟ್ಟಿಗೆಯಲ್ಲಿ ನ್ಯೂಯಾರ್ಕಿನ ಹೋಟೆಲ್ ಈಜುಕೊಳದೊಳಗೆ ಒಂದೂವರೆ ಗಂಟೆ ಮಲಗಿ, ಶಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ, ನಿಧಾನ ಉಸಿರಾಟ ಅಷ್ಟೇ ಅಂದ. ಜಾದೂಗಾರ ಜೇಮ್ಸ್ ರ‍್ಯಾಂಡಿ 1956ರಲ್ಲಿ ಆ ದಾಖಲೆ ಮುರಿದರು, ಆಮೇಲೆ ಜೀವಮಾನವೆಲ್ಲ ಪವಾಡದ ಹೆಸರಿನ ಮೋಸ ಬಯಲು ಮಾಡಿದರು. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಪವಾಡ ತನಿಖೆಗೆ ಸಮಿತಿ ಮಾಡಿದ 1976ರಲ್ಲೇ, ರ‍್ಯಾಂಡಿ ಮತ್ತು ಗೆಳೆಯರು ಅಮೆರಿಕದಲ್ಲಿ ಅಂಥದೇ ಸಂಸ್ಥೆ ಕಟ್ಟಿದರು. ಹೂಡಿನಿಯ ಒಂದು ಸಾಮಾನೂ ಮುಟ್ಟದೆ ವಾರಸುದಾರರಾದವರಲ್ಲಿ ರ‍್ಯಾಂಡಿ ನನ್ನ ಲೆಕ್ಕದಲ್ಲಿ ಮೊದಲಿಗರು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಮಗ ಹೂಡಿನಿಯ ನೀರಿನ ಆಟ ಕಲಿಯಬೇಕೆನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಅದಕ್ಕೆ ನನ್ನದು ಖಡಾಖಂಡಿತ ಬೇಡ. ಹೂಡಿನಿ ನ್ಯೂಯಾರ್ಕಿನ ಮನೆಯಲ್ಲಿ ದೊಡ್ಡ ಸ್ನಾನದ ತೊಟ್ಟಿ ಕಟ್ಟಿಸಿಕೊಂಡು, ಅದಕ್ಕೆ ಮಂಜುಗಡ್ಡೆ ಹಾಕಿಸಿ ಮೈ ಪಳಗಿಸುತ್ತಿದ್ದ. ಪ್ರದರ್ಶನದಲ್ಲಿ ಪರದೆಯ ಪಕ್ಕ ಕೊಡಲಿ ಹಿಡಿದ ಸಹಾಯಕ ನಿಂತಿರುತ್ತಿದ್ದ, ಹೆಚ್ಚುಕಮ್ಮಿಯಾದರೆ ಗಾಜು ಒಡೆಯಲು. ನದಿಗೆ ಗಾಜಿಲ್ಲ. 2019ರ ಜೂನ್ 16ರಂದು ಕೋಲ್ಕತ್ತದ ಜಾದೂಗಾರ ಚಂಚಲ್ ಲಾಹಿರಿ, ‘ಮ್ಯಾಂಡ್ರೇಕ್’ ಎಂದು ಹೆಸರಾದವರು, ಸರಪಳಿ, ಬೀಗ, ಹಗ್ಗ ಬಿಗಿಸಿಕೊಂಡು ಹೌರಾ ಸೇತುವೆಯ ಬಳಿ ಹೂಗ್ಲಿಗೆ ಇಳಿದರು. ಹೊಸಬರಲ್ಲ, ಇಂಥದ್ದನ್ನು ಹಿಂದೆ ಮಾಡಿ ಬದುಕಿ ಬಂದಿದ್ದವರು. ಮೇಲೆ ಬರಲಿಲ್ಲ, ಮರುದಿನ ಶವ ಸಿಕ್ಕಿತು.

ಮಗನಿಗೆ ಹಗ್ಗ, ನಾಣ್ಯ, ಇಸ್ಪೀಟಿನಿಂದ ಶುರು ಮಾಡಿಸಿ. ಆಸಕ್ತಿ ಉಳಿದರೆ ಟ್ರಂಕು ಆಮೇಲೆ ಕೊಡಿಸಬಹುದು. ನೀರಿನ ಪೆಟ್ಟಿಗೆ ಕೊಂಡ ಕಾಪರ್‌ಫೀಲ್ಡ್ ಅವರ ಜಾದೂ ಮ್ಯೂಸಿಯಂ ಖಾಸಗಿ, ಟಿಕೆಟ್ ಕೊಂಡು ಹೋಗುವಂಥದಲ್ಲ. ಆದರೆ ಹೂಡಿನಿಯ ಪೋಸ್ಟರ್, ಫೋಟೋಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಅಲ್ಲಿ ನೋಡುವಾಗ ಹಾರ್ಡೀನ್ ಹೆಸರನ್ನೂ ಹಾಕಿ ಹುಡುಕಿ.