ಮತ ಹಾಕಿದ್ರೆ ತಪ್ಪಿನಲ್ಲಿ ಪಾಲು ಬರುತ್ತಾ?

ಇಬ್ಬರೂ ಸರಿಯಿಲ್ಲ ಅಂತ ಗೊತ್ತಿದ್ದೂ ಕಡಿಮೆ ಕೆಟ್ಟವರಿಗೆ ಮತ ಹಾಕಿದರೆ, ನಾಳೆ ಅವರು ಮಾಡುವ ತಪ್ಪಿನಲ್ಲಿ ನನಗೂ ಪಾಲಿದೆಯಾ ಅಂತ ಕೇಳಿದ್ದೀರಿ. ಸ್ವಲ್ಪ ಇದೆ, ಇಲ್ಲ ಅನ್ನಲಾರೆ. ಆದರೆ ಮನೆಯಲ್ಲೇ ಕೂತರೂ ಪಾಲು ತಪ್ಪುವುದಿಲ್ಲ, ಅಲ್ವಾ?

2002ರ ಫ್ರಾನ್ಸ್ ಅಧ್ಯಕ್ಷ ಚುನಾವಣೆ ನೋಡಿ. ಮೊದಲ ಸುತ್ತಿನಲ್ಲಿ 16 ಜನ ನಿಂತಿದ್ದರು, ಎಡಪಂಥೀಯರ ಮತ ಚೂರುಚೂರಾಗಿ ಹಂಚಿಹೋಯಿತು, ಅವರ ಮುಖ್ಯ ಅಭ್ಯರ್ಥಿ ಜೋಸ್ಪಿನ್ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಮೂರನೆಯವರಾಗಿ ಹೊರಬಿದ್ದರು. ಎರಡನೇ ಸುತ್ತಿಗೆ ಉಳಿದವರು ಮೊದಲ ಇಬ್ಬರು: ಆಗಿನ ಅಧ್ಯಕ್ಷ, ಬಲಪಂಥೀಯ ಶಿರಾಕ್ ಮತ್ತು ತೀವ್ರ ಬಲಪಂಥದ ಲೆ ಪೆನ್. ವರ್ಷಗಟ್ಟಲೆ ಶಿರಾಕ್ ವಿರುದ್ಧ ಕೂಗಿದ ಎಡಪಂಥೀಯರೇ ಆಗ ಅವರಿಗೆ ಮತ ಹಾಕಿದರು. ಕೈಗವಸು ತೊಟ್ಟು, ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು ಮತಗಟ್ಟೆಗೆ ಹೋಗೋಣ ಅನ್ನುವ ಮಾತೂ ಎದ್ದಿತ್ತು. ಶಿರಾಕ್‌ಗೆ ಶೇ. 82 ಮತ ಬಂತು. ಆ ಮತಗಳಲ್ಲಿ ಎಷ್ಟೋ ಅವರನ್ನು ಮೆಚ್ಚಿ ಹಾಕಿದ್ದಲ್ಲ, ಇನ್ನೊಬ್ಬರನ್ನು ತಡೆಯಲು ಹಾಕಿದ್ದು. ಅದನ್ನು ನಾನು ತಪ್ಪು ಅನ್ನಲಾರೆ.

ನನ್ನನ್ನು ಕಾಡುವುದು ಬೇರೆ ವಿಷಯ. ಹಾಗೆ ಮತ ಹಾಕಿದ ಮೇಲೆ, ನಾವು ಆರಿಸಿದ್ದು ಅನ್ನೋ ಒಂದೇ ಕಾರಣಕ್ಕೆ ಅವರು ಮಾಡಿದ್ದೆಲ್ಲ ಸರಿ ಅಂತ ವಾದಿಸಲು ಶುರು ಮಾಡುತ್ತೇವೆ. ಪಾಲು ಜಾಸ್ತಿ ಆಗುವುದು ಅಲ್ಲಿಂದ. ಮತ ಹಾಕಿ, ಮಾರನೇ ದಿನದಿಂದಲೇ ಅವರನ್ನು ಪ್ರಶ್ನಿಸಿ. ಇನ್ನು ಇಬ್ಬರ ನಡುವೆ ನಿಜಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದಿದ್ದರೆ, ಯಾರಿಗೂ ಹಾಕದೆ ಬಂದರೂ ನಾನು ನಿಮ್ಮನ್ನು ದೂರುವುದಿಲ್ಲ.