ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ

(ಓದುಗರ ಪ್ರಶ್ನೆಗಳಿಗೆ ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದವರ ಉತ್ತರ)

*ಪ್ರಶ್ನೆ: ನನ್ನ ಮಗಳು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ನಮ್ಮ ಯಜಮಾನರ ಕೆಲಸ ಹೋಗಿ ಏಳು ತಿಂಗಳಾಯ್ತು. ಜೂನ್‌ಗೆ ಊರಿನ ಸರ್ಕಾರಿ ಪ್ರೌಢಶಾಲೆಗೆ ಸೇರಿಸೋಣ ಅಂದ್ರೆ ಮಗಳು ಅಳುತ್ತಾಳೆ. ‘ಮಗು ಭವಿಷ್ಯ ಹಾಳು ಮಾಡ್ತೀರಾ’ ಅಂತ ನಾದಿನಿ ಬೈತಾರೆ. ಫೀಸು ಬಾಕಿ ಇರೋದ್ರಿಂದ ಟಿಸಿ (ವರ್ಗಾವಣೆ ಪತ್ರ) ಕೊಡಲ್ಲ ಅಂತ ಶಾಲೆಯವರು ಹೇಳ್ತಿದ್ದಾರೆ. ಏನು ಮಾಡಲಿ ಮೇಡಂ?*
*– ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ*

ನಿಮ್ಮ ನಾದಿನಿ ಕೊನೇ ಸಲ ಸರ್ಕಾರಿ ಶಾಲೆಯ ಒಳಗೆ ಕಾಲಿಟ್ಟಿದ್ದು ಯಾವಾಗ ಅಂತ ಕೇಳಿ ನೋಡಿ. ವೋಟು ಹಾಕೋಕೆ ಹೋದಾಗಲೇ ಇರಬೇಕು.

ಟಿಸಿ ವಿಷಯ ಮೊದಲು ಮುಗಿಸೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಅನ್ವಯ ಆಗುತ್ತೆ. ಟಿಸಿ ತಡವಾಯ್ತು ಅಂತ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸೋ ಹಾಗಿಲ್ಲ ಅಂತ ಅದರಲ್ಲೇ ಇದೆ. ಹಳೆ ಶಾಲೆಗೆ ಟಿಸಿ ಕೇಳಿ ಅರ್ಜಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಆಗಲೂ ಕೊಡದಿದ್ದರೆ ಆ ಪ್ರತಿ ಹಿಡಿದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಬಾಕಿ ಹಣದ ಲೆಕ್ಕ ನಿಮಗೂ ಶಾಲೆಗೂ ಇರುವಂಥದ್ದು, ಮಗುವನ್ನು ಅದಕ್ಕೆ ಒತ್ತೆ ಇಡೋದು ಬೇಡ.

ಈಗ ಮಗಳ ವಿಷಯ. ಶಾಲೆ ನಡೆಯುತ್ತಿರುವಾಗಲೇ ಒಂದು ದಿನ ಅವಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ, ಬಿಸಿಯೂಟದ ಹೊತ್ತಿಗೆ. ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿರೋದು, ಜಗಳ ಆಡೋದು, ನಗೋದು, ಎಲ್ಲಾ ಅವಳೇ ನೋಡಲಿ. ಅಷ್ಟರಲ್ಲಿ ನೀವು ವೇಳಾಪಟ್ಟಿ ನೋಡಿ. ಗಣಿತ, ವಿಜ್ಞಾನಕ್ಕೆ ಖಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ? ಅತಿಥಿ ಶಿಕ್ಷಕರೆಂದರೆ ಕಡಿಮೆ ಅಂತಲ್ಲ, ನನಗಿಂತ ಚೆನ್ನಾಗಿ ಪಾಠ ಮಾಡಿದವರನ್ನು ನೋಡಿದ್ದೇನೆ. ಆದರೆ ಅವರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳಬೇಕು. ಅದು ತಡವಾದರೆ ಶುರುವಿನ ಪಾಠಗಳು ಹಾಗೇ ಉಳಿಯುತ್ತವೆ. ಆ ಪಾಠಗಳನ್ನು ಯಾರು ಮಾಡ್ತಾರೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿ.

ಅಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆಯಾ ಅಂತಲೂ ವಿಚಾರಿಸಿ. ಇಲ್ಲದಿದ್ದರೆ ಮೊದಲ ಮೂರು ತಿಂಗಳು ಕಷ್ಟ, ಸುಳ್ಳು ಹೇಳಲ್ಲ. ಫೋಟೋಸಿಂಥೆಸಿಸ್ ಗೊತ್ತಿರುವ ಮಗುವಿನ ಮುಂದೆ ‘ದ್ಯುತಿಸಂಶ್ಲೇಷಣೆ’ ಬಂದು ನಿಂತರೆ ಅದು ಬೆಚ್ಚಿ ಬೀಳುತ್ತೆ. ಹೀಗೇ ಬಂದ ಒಬ್ಬ ಹುಡುಗ ನೋಟ್‌ಬುಕ್ಕಿನ ಹಾಳೆ ಮಧ್ಯಕ್ಕೆ ಗೆರೆ ಎಳೆದು, ಎಡಕ್ಕೆ ಎಲ್‌ಸಿಎಂ, ಬಲಕ್ಕೆ ಅದರ ಕನ್ನಡ ಲಸಾಅ ಅಂತ ಬರೆದುಕೊಳ್ಳುತ್ತಿದ್ದ. ದಸರಾ ರಜೆ ಮುಗಿಸಿ ಬಂದಾಗ ಆ ನೋಟ್‌ಬುಕ್ಕು ಎಲ್ಲಿ ಅಂತ ಕೇಳಿದೆ. ತಮ್ಮ ಅದರಲ್ಲಿ ರಾಕೆಟ್ ಮಾಡಿದ ಅಂದ. ಕನ್ನಡ ಮಾತ್ರ ಈಗಿನಿಂದಲೇ ನೋಡಿಕೊಳ್ಳಿ. ಹಳೆ ಶಾಲೆಯಲ್ಲಿ ಎರಡನೇ ಭಾಷೆಯಾಗಿದ್ದು ಇಲ್ಲಿ ಪ್ರಥಮ ಭಾಷೆ ಆಗುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕ ಅದರದ್ದೇ.

ನಾದಿನಿಗೆ ಇದನ್ನೂ ಹೇಳಿ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅಂತ ಒಂದು ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ನೂರಕ್ಕೆ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 50 ಸಾಕು. ಈ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಈಗಿರುವ ಖಾಸಗಿ ಶಾಲೆಯಲ್ಲೇ ಉಳಿದರೆ ನಿಮ್ಮ ಮಗಳು ಇದನ್ನು ಬರೆಯೋಕೇ ಆಗಲ್ಲ.

ಇನ್ನು ಅಳು. ಏನಕ್ಕೆ ಅಂತ ಕೇಳಿದ್ರಾ? ನಮ್ಮ ಶಾಲೆಗೆ ಹೀಗೆ ಬಂದಿದ್ದ ಹುಡುಗಿಯೊಬ್ಬಳಿಗೆ ಪಾಠದ ಚಿಂತೆಯೇ ಇರಲಿಲ್ಲ. ಸಂಜೆ ಹಳೆ ಶಾಲೆಯ ಹಳದಿ ಬಸ್ಸು ನಮ್ಮ ಗೇಟಿನ ಮುಂದೆಯೇ ಹೋಗುತ್ತಿತ್ತು. ಅದು ಬರೋ ಹೊತ್ತಿಗೆ ಸರಿಯಾಗಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು, ಬಸ್ಸು ತಿರುವು ದಾಟುವವರೆಗೆ. ಆಗಸ್ಟ್‌ನಲ್ಲಿ ಖೋಖೋ ತಂಡಕ್ಕೆ ಸೇರಿದ ಮೇಲೆ ಬಸ್ಸು ಹೋಗೋ ಹೊತ್ತಿಗೆ ಅವಳು ಮೈದಾನದಲ್ಲಿರುತ್ತಿದ್ದಳು, ಅದೂ ಬರಿಗಾಲಲ್ಲಿ.

*ಪ್ರಶ್ನೆ: ನಾನು ಗಾರೆ ಕೆಲಸದವನು, ಓದಿಲ್ಲ. ಮಗಳು ಸರ್ಕಾರಿ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು. ಪೋಷಕರ ಸಭೆಗೆ ಹೋದ್ರೆ ಸಹಿ ಹಾಕಿಸಿಕೊಂಡು, ಟೀ ಕೊಟ್ಟು ಕಳಿಸ್ತಾರೆ. ಒಂದು ದಿನದ ಕೂಲಿ ಹೋಗುತ್ತೆ ಅಷ್ಟೇ. ಹೋಗಲೇಬೇಕಾ?*
*– ಒಬ್ಬ ತಂದೆ, ಹಾಸನ ಜಿಲ್ಲೆ*

ಹೋಗಿ ಅಣ್ಣಾ. ಯಾಕೆ ಅಂತ ಹೇಳೋಕೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ನಾನು ಮುಖ್ಯ ಶಿಕ್ಷಕಿಯಾಗಿದ್ದ ಒಂದು ಶಾಲೆಗೆ ಹುಡುಗಿಯರ ಹೊಸ ಶೌಚಾಲಯ ಕಟ್ಟಿಸಿದ್ದರು. ಟೈಲ್ಸ್ ಹಾಕಿದ್ದು, ಚೆನ್ನಾಗಿತ್ತು. ಗಲೀಜಾಗುತ್ತೆ ಅಂತ ಬೀಗ ಹಾಕಿಸಿದೆ. ಬೀಗದ ಕೈ ನನ್ನ ಟೇಬಲ್ ಡ್ರಾಯರಿನಲ್ಲಿ. ಬೇಕಾದವರು ಬಂದು ಕೇಳಲಿ ಅಂತ ನನ್ನ ಲೆಕ್ಕ. ಮೂವರು ಮೇಷ್ಟ್ರುಗಳು ಕೂತಿರೋ ಕೋಣೆಗೆ ಬಂದು ಹದಿನಾಲ್ಕು ವರ್ಷದ ಹುಡುಗಿ ಅದನ್ನು ಕೇಳ್ತಾಳಾ? ನಾನೂ ಹೆಣ್ಣು, ನನಗೆ ಹೊಳೆಯಲಿಲ್ಲ ನೋಡಿ. ಬೆಳಗ್ಗೆ ಪ್ರಾರ್ಥನೆಯಿಂದ ಸಂಜೆವರೆಗೆ ಹುಡುಗಿಯರು ನೀರೇ ಕುಡಿಯುತ್ತಿರಲಿಲ್ಲ. ತಿಂಗಳಿಗೆ ಮೂರ್ನಾಲ್ಕು ದಿನ ಕೆಲವರು ಬರ್ತಾನೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಬರೆದು ನಾನೇ ಬೈತಿದ್ದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಒಬ್ಬರು ಬಂದರು, ಬಟ್ಟೆ ಹೊಲಿಯೋ ತಾಯಿ. ಹಿಂದಿನ ಸಾಲಲ್ಲಿ ಕೂತಿದ್ದರು. ಸಭೆ ಮುಗಿಯೋ ಹೊತ್ತಿಗೆ ಎದ್ದು ನಿಂತು, ‘ಮೇಡಂ, ಕಕ್ಕಸಿನ ಬೀಗದ ಕೈ ಯಾರ ಹತ್ತಿರ ಇರ್ತದೆ?’ ಅಂದರು. ಅಷ್ಟೇ ಕೇಳಿದ್ದು. ನನ್ನ ಕೈ ತಾನೇ ಡ್ರಾಯರಿನ ಮೇಲೆ ಹೋಯ್ತು. ಮಾರನೇ ದಿನ ಒಂಬತ್ತನೇ ತರಗತಿ ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಿ, ಅದಕ್ಕೆ ಬೀಗದ ಕೈ ನೇತುಹಾಕಿದೆ. ತೊಳೆಯೋದು ಯಾರು ಅನ್ನೋ ಜಗಳ ಇನ್ನೊಂದು ವರ್ಷ ನಡೀತು, ಅದು ಬೇರೆ ಕಥೆ.

ಓದು ಬರಹ ಇದ್ದ ಪೋಷಕರೂ ಆ ಸಭೆಯಲ್ಲಿ ಇದ್ದರು. ಅವರೆಲ್ಲ ರಿಸಲ್ಟ್ ಎಷ್ಟು ಪರ್ಸೆಂಟ್ ಅಂತ ಕೇಳಿದ್ದರು. ನೀವು ಹೋಗೋ ಹಿಂದಿನ ರಾತ್ರಿ ಮಗಳನ್ನು ‘ಶಾಲೆಯಲ್ಲಿ ನಿಂಗೆ ಏನು ತೊಂದರೆ’ ಅಂತ ಕೇಳಿ. ನಿಮ್ಮ ಹತ್ತಿರ ಹೇಳೋಕೆ ನಾಚಿಕೆ ಆದರೆ ಅವರಮ್ಮನ ಹತ್ತಿರ ಹೇಳಲಿ. ಅದನ್ನೇ ಸಭೆಯಲ್ಲಿ ಕೇಳಿ, ಸಹಿ ಹಾಕೋಕೆ ಮುಂಚೆ. ಟೀ ಆಮೇಲೆ.

*ಪ್ರಶ್ನೆ: ನಾನು ಹತ್ತನೇ ತರಗತಿ. ಗಣಿತದಲ್ಲಿ ಫೇಲಾದ್ರೆ ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕ್ತೀನಿ ಅಂತಾರೆ ಅಪ್ಪ. ನಂಗೆ ಭಯ ಆಗ್ತಿದೆ.*
*– ವಿದ್ಯಾರ್ಥಿ, ಗದಗ ಜಿಲ್ಲೆ*

ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ ಮರಿ. ಮೊದಲನೇದರಲ್ಲಿ ಹೋದರೆ ಎರಡನೇದು ಇದೆ. ಎರಡನೇದರಲ್ಲಿ ಪಾಸಾದರೂ ಅದೇ ವರ್ಷ ಪಿಯುಸಿಗೆ ಸೇರಬಹುದು. ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ, ಅವರಿಗೆ ಗೊತ್ತಿಲ್ಲದೆಯೂ ಇರಬಹುದು. ನಾಳೆಯಿಂದ ದಿನಾ ಒಂದು ನಕ್ಷೆ (ಗ್ರಾಫ್) ಎಳಿ, ಥೇಲ್ಸ್ ಪ್ರಮೇಯವನ್ನು ಪುಸ್ತಕ ಮುಚ್ಚಿ ಬರಿ. ತಪ್ಪಿದ ಸಾಲು ಯಾವುದು ಅಂತ ನಿಮ್ಮ ಮೇಷ್ಟ್ರಿಗೆ ತೋರಿಸು. ಈ ಪುಟವನ್ನು ಅಪ್ಪನಿಗೆ ಓದಿ ಹೇಳು. ನೇರವಾಗಿ ಹೇಳೋಕೆ ಭಯ ಆದರೆ ಅಮ್ಮನ ಕೈಯಲ್ಲಿ ಓದಿಸು.