ಪ್ರತಿಕ್ರಿಯೆ: ಎಂಟು ಪುಟ ಬಾಯಿಪಾಠ ಮಾಡಿದರೆ ಸಾಕೇ?

ಚರ್ಚಾಸ್ಪರ್ಧೆಯ ನಾಲ್ಕು ನಿಮಿಷದ ಭಾಷಣಕ್ಕೆ ಎಂಟು ಪುಟ ಬರೆದು ಬಾಯಿಪಾಠ ಮಾಡುತ್ತಿದ್ದೇನೆ, ಸಾಕೇ ಎಂದು ಕೇಳಿದ್ದೀರಿ. ಸಾಕಲ್ಲ, ಅತಿಯಾಯಿತು! ಎರಡು ಪುಟಕ್ಕೆ ಇಳಿಸಿ. ಹೀಗೆಯೇ ಉರು ಹೊಡೆದು ಹೋಗಿ, ಒಂದು ವಾಕ್ಯ ಮರೆತು ವೇದಿಕೆಯ ಮೇಲೆ ಬೆಪ್ಪಾಗಿ ನಿಂತವನು ನಾನು.

ನಿಮ್ಮ ವಿಷಯ ‘ಒಂದು ದೇಶ, ಒಂದು ಚುನಾವಣೆ’, ಅಂದರೆ ಲೋಕಸಭೆ, ವಿಧಾನಸಭೆಗಳಿಗೆ ಒಟ್ಟಿಗೇ ಚುನಾವಣೆ ನಡೆಸುವುದು. ನೀವು ವಿರೋಧವಾಗಿ ಮಾತನಾಡಬೇಕು. ಹಾಗಾದರೆ ಮೊದಲು ಪರವಾದ ಭಾಷಣವನ್ನೇ ಬರೆಯಿರಿ, ಗೆಲ್ಲುವ ಹಟದಿಂದ. 1967ರವರೆಗೆ ಲೋಕಸಭೆ, ವಿಧಾನಸಭೆ ಚುನಾವಣೆಗಳು ಬಹುಮಟ್ಟಿಗೆ ಒಟ್ಟಿಗೇ ನಡೆಯುತ್ತಿದ್ದವು ಎಂದು ಎದುರಾಳಿ ಹೇಳಿಯೇ ಹೇಳುತ್ತಾರೆ. ಅವಧಿಗೆ ಮುನ್ನ ಸದನಗಳು ವಿಸರ್ಜನೆಯಾದದ್ದರಿಂದಲೇ ಆ ಕ್ರಮ ಮುರಿಯಿತು, ಮುಂದೆಯೂ ಸದನ ವಿಸರ್ಜನೆಯಾದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ನಿಮ್ಮ ಬತ್ತಳಿಕೆಯಲ್ಲಿರಲಿ.

ಉದಾಹರಣೆಗೆ ದೂರ ಹೋಗಬೇಡಿ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು. ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನ ಕೊಟ್ಟರು. ಎರಡೂ ಒಂದೇ ದಿನ ನಡೆದಿದ್ದರೆ ಲೋಕಸಭೆಯ ಅಲೆಯಲ್ಲೇ ವಿಧಾನಸಭೆಯೂ ಕೊಚ್ಚಿಹೋಗುತ್ತಿರಲಿಲ್ಲವೇ? ಇದು ನಿಮ್ಮ ಬ್ರಹ್ಮಾಸ್ತ್ರ. ಆದರೆ ಹುಷಾರು, ‘ನಮ್ಮ ಮತದಾರ ಜಾಣ, ಒಂದೇ ದಿನ ಮತ ಹಾಕಿದರೂ ಗೊಂದಲಗೊಳ್ಳುವುದಿಲ್ಲ’ ಎಂದು ಎದುರಾಳಿ ಅದನ್ನೇ ನಿಮ್ಮತ್ತ ತಿರುಗಿಸಬಹುದು. ಅದಕ್ಕೆ ಉತ್ತರ ಈಗಲೇ ಬರೆದಿಟ್ಟುಕೊಳ್ಳಿ.

ಒಟ್ಟಿಗೆ ನಡೆಸಿದರೆ ಹಣ ಉಳಿಯುತ್ತದೆ ಎಂಬ ಖರ್ಚಿನ ಲೆಕ್ಕಕ್ಕೆ ಒಂದೇ ವಾಕ್ಯದ ಉತ್ತರ ಸಾಕು; ಎಲ್ಲರೂ ಅದನ್ನೇ ಹೇಳಿ ತೀರ್ಪುಗಾರರಿಗೆ ಆಕಳಿಕೆ ತರಿಸುತ್ತಾರೆ.

ಕೊನೆಯ ಮೂರು ದಿನ ಜಗಳಗಂಟ ಗೆಳೆಯನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ ಸಮಯ ಇಟ್ಟು, ಖಂಡನೆಯನ್ನಷ್ಟೇ, ಅಂದರೆ ಎದುರಾಳಿಯ ವಾದಕ್ಕೆ ಉತ್ತರ ಕೊಡುವುದನ್ನಷ್ಟೇ, ಅಭ್ಯಾಸ ಮಾಡಿ.